ಮೀನಿನ ತೊಟ್ಟಿಗೆ ಬಿದ್ದ ಮೂರು ಗೆರೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕರಿಯ ವಸ್ತು ಅಂಟಿಕೊಂಡು ಕುಳಿತಿದೆ. ಬಂದವರು ಕಾಫಿ ಲೋಟಕ್ಕೆ ಕೈಚಾಚುವ ಮೊದಲೇ ಅದರತ್ತ ಕಣ್ಣು ಚಾಚುತ್ತಾರೆ. ಶಾಲೆಯ ಡಸ್ಟರನ್ನು ಉದ್ದುದ್ದಕ್ಕೆ ಸೀಳಿ, ಎರಡು ಹೋಳನ್ನೂ ಮತ್ತೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದಂತೆ ಅದರ ಆಕಾರ. ಏನಿದು ಎಂದು ಕೇಳಿದವರಿಗೆ ನಾನು ಗಂಭೀರವಾಗಿ, ಪೂರ್ಣ ವಾಕ್ಯದಲ್ಲಿ ಉತ್ತರಿಸುತ್ತೇನೆ: ಇದು ಮೀನಿನ ತೊಟ್ಟಿಯ ಗಾಜನ್ನು ಒರೆಸುವ ಅಯಸ್ಕಾಂತ. ಒಂದು ಹೋಳನ್ನು ನೀರಿನ ಒಳಗೆ ಬಿಡಬೇಕು, ಇನ್ನೊಂದನ್ನು ಹೊರಗೆ ಹಿಡಿಯಬೇಕು, ನಡುವೆ ಗಾಜು. ಹೊರಗಿನದನ್ನು ಎಳೆದಂತೆಲ್ಲ ಒಳಗಿನದು ಹಿಂಬಾಲಿಸುತ್ತದೆ, ಪಾಚಿ ಹೋಗುತ್ತದೆ, ಕೈ ಒದ್ದೆಯಾಗುವುದಿಲ್ಲ. ಇಷ್ಟು ವಿಧೇಯ ವಿದ್ಯಾರ್ಥಿಯನ್ನು ನನ್ನ ಇಡೀ ಅಧ್ಯಾಪನ ಜೀವನದಲ್ಲಿ ನಾನು ಕಂಡಿರಲಿಲ್ಲ.

ಕೇಳಿದವರು ತಲೆದೂಗಿ, ಸುತ್ತಲೂ ನೋಡಿ, ಮುಂದಿನ ಪ್ರಶ್ನೆ ಕೇಳುತ್ತಾರೆ: ತೊಟ್ಟಿ ಎಲ್ಲಿ? ತೊಟ್ಟಿ ನಮ್ಮಲ್ಲಿಲ್ಲ. ಅದು ಕುಣಿಗಲ್ಲಿನಲ್ಲಿದೆ. ಮೀನೂ ಅಲ್ಲಿದೆ. ಒರೆಸುವ ವಸ್ತು ಮಾತ್ರ ತುಮಕೂರಿನಲ್ಲಿ ಫ್ರಿಜ್ಜಿಗೆ ಅಂಟಿಕೊಂಡಿದೆ. ಇದಕ್ಕೆ ಕಾರಣ ಹೇಳಬೇಕಾದರೆ ನನ್ನ ನಾದಿನಿಯ ವಿಷಯ ಹೇಳಬೇಕು. ನಾದಿನಿಯ ವಿಷಯ ಹೇಳಬೇಕಾದರೆ ನನ್ನ ವಿಷಯವನ್ನೂ ಸ್ವಲ್ಪ ಹೇಳಿಕೊಳ್ಳಬೇಕು. ನೀವು ಹಳೆಯ ಪರಿಚಯದವರು, ಸಹಿಸಿಕೊಳ್ಳುತ್ತೀರಿ.

ನಾನು ಪಾಠ ಹೇಳುವ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಪಾಠ ಹೇಳುವ ಕೆಲಸ ನನ್ನನ್ನು ಬಿಟ್ಟಿಲ್ಲ. ಬಿ.ಎಚ್. ರಸ್ತೆಯಲ್ಲಿ ನಡೆಯುವಾಗ ಅಂಗಡಿಗಳ ಫಲಕಗಳಲ್ಲಿ ಕಳೆದುಹೋದ ಒತ್ತಕ್ಷರಗಳನ್ನು ಹುಡುಕುತ್ತ ಹುಡುಕುತ್ತ ಆಟೋಗಳಿಗೆ ಅಡ್ಡ ಬಂದು ಬೈಸಿಕೊಂಡಿದ್ದೇನೆ. ಬೈದವನ ವಾಕ್ಯದಲ್ಲಿ ಕರ್ತೃ ಕ್ರಿಯಾಪದಗಳು ಹೊಂದಿಕೆಯಾಗಿದ್ದವೆಂಬ ಸಮಾಧಾನದಿಂದ ಮನೆಗೆ ಮರಳಿದ್ದೂ ಉಂಟು. ಅಡುಗೆಮನೆಯ ಡಬ್ಬಿಗಳು ವರ್ಣಮಾಲೆಯ ಕ್ರಮದಲ್ಲಿವೆ. ಆದ್ದರಿಂದ ನಮ್ಮಲ್ಲಿ ಉಪ್ಪಿಗಿಂತ ಮೊದಲು ಇಂಗು ಕೈಗೆ ಸಿಗುತ್ತದೆ. ನಮ್ಮ ಯಜಮಾನರು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿನ ಶಿಸ್ತು ಮನೆಗಿಂತ ಸಡಿಲವೆಂದು ರಜೆಯ ದಿನವೂ ಅತ್ತ ಹೋಗುವ ಯೋಚನೆ ಮಾಡುತ್ತಿರುತ್ತಾರೆ.

ಮದುವೆಗೆ ಮುಂಚೆ ನಾನು ಕುಣಿಗಲ್ಲಿನಲ್ಲಿ ಪಾಠ ಹೇಳುತ್ತಿದ್ದೆ. ನಡುಬೆಂಚಿನಲ್ಲಿ ಎರಡು ಜಡೆ ಹಾಕಿಕೊಂಡು ಲೀಲಾ ಎಂಬ ಹುಡುಗಿ ಕೂರುತ್ತಿದ್ದಳು. ಗಲಾಟೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುವುದು ಆಗಿನ ವಾಡಿಕೆ, ಲೀಲಾ ಬೆಂಚಿನ ಮೇಲೆ ಸಾಕಷ್ಟು ನಿಂತಿದ್ದಾಳೆ. ಅನಂತರ ಹಿರಿಯರು ಜಾತಕ ನೋಡಿ ನಿಶ್ಚಯಿಸಿದ ವರನ ಮನೆಗೆ ನಾನು ಕಾಲಿಟ್ಟಾಗ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವಳು ಅದೇ ಲೀಲಾ. ನನ್ನನ್ನು ನೋಡಿದ್ದೇ ತಡ, ಕೈಕಟ್ಟಲು ಹೋಗಿ ತಟ್ಟೆ ವಾಲಿ ಆರತಿ ಆರಿಹೋಯಿತು. ಅವಳ ಬಾಯಿಂದ ಬಂದ ಮೊದಲ ಮಾತು “ಪ್ರೆಸೆಂಟ್ ಮಿಸ್” ಎಂದು ಇವರು ಈಗಲೂ ಹೇಳುತ್ತಾರೆ. ಅದು ಉತ್ಪ್ರೇಕ್ಷೆ. ಅವಳು ಹೇಳಿದ್ದು “ಮಿಸ್” ಎಂದು ಮಾತ್ರ.

ಅಂದಿನಿಂದ ಈ ಸಲದ ದಸರೆಯವರೆಗೆ ಲೀಲಾ ನನ್ನ ಎದುರು ಒರಗಿ ಕುಳಿತದ್ದನ್ನು ನಾನು ನೋಡಿರಲಿಲ್ಲ. ಅವಳೂ ಮದುವೆಯಾಗಿ, ಕುಣಿಗಲ್ಲಿನಲ್ಲೇ ಮನೆ ಕಟ್ಟಿ, ಓಣಿಯನ್ನೆಲ್ಲ ಆಳುವ ಗೃಹಿಣಿಯಾದಳು. ಆದರೂ ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೈಕಟ್ಟಿ ಕೂರುವಳು. ‘ಅತ್ತಿಗೆ’ ಎಂದು ಶುರುವಾದ ಮಾತು ‘ಮಿಸ್’ ಎಂದು ಮುಗಿಯುವುದು. ಒಬ್ಬಟ್ಟು ಅವಳಿಗೆ ಪ್ರಾಣ. ಆದರೆ ನನ್ನ ಕೈಯಲ್ಲಿ ಇನ್ನೊಂದು ಬೇಕೆಂದು ಬಾಯಿಬಿಟ್ಟು ಕೇಳಿದವಳಲ್ಲ. ನಾನು ಬಡಿಸಿದಷ್ಟನ್ನು ಪರೀಕ್ಷೆಯ ಪತ್ರಿಕೆಯಂತೆ ಮುಗಿಸಿ ಏಳುವಳು. ನನಗಿರುವ ಒಬ್ಬಳೇ ನಾದಿನಿ, ತಂಗಿಯಂತೆ ಹೆಗಲಿಗೆ ಒರಗಲಿ, ಜಗಳವಾಡಲಿ ಎಂದು ನಾನು ಆಸೆಪಟ್ಟದ್ದು ಅಷ್ಟಿಷ್ಟಲ್ಲ. ಆದರೆ “ಸಲುಗೆಯಿಂದಿರು” ಎಂದು ನಾನು ಹೇಳಿದರೆ ಅದೂ ಆಜ್ಞಾರ್ಥಕದಂತೆಯೇ ಕೇಳಿಸುತ್ತದೆ.

ಇಂಥ ಲೀಲಾಳ ಮನೆಯಲ್ಲಿ ನೆಲಕ್ಕೆ ಹೊಸ ಕಲ್ಲು ಹಾಕಿಸುವ ಕೆಲಸ ಶುರುವಾಯಿತು. ಅವಳಿಗೆ ಜೀವಕ್ಕಿಂತ ಹೆಚ್ಚಿನದು ಒಂದು ಮೀನಿನ ತೊಟ್ಟಿ. ಅವಳು ಗೀರು ಎಂದರೆ ಬೆಚ್ಚುವವಳು. ಅವಳ ಮನೆಯಲ್ಲಿ ಟೀವಿಯ ರಿಮೋಟು ಪ್ಲಾಸ್ಟಿಕ್ ಕವರಿನಲ್ಲಿದೆ, ಸೋಫಾ ಕವರಿನಲ್ಲಿದೆ, ಕವರಿನ ಮೇಲೆ ಟವಲು ಇದೆ. ಕಲ್ಲು ಕತ್ತರಿಸುವ ಧೂಳಿನಲ್ಲಿ ಆ ತೊಟ್ಟಿಯನ್ನು ಇಡುವಂತಿಲ್ಲ. ನೆಂಟರಲ್ಲಿ ಒಬ್ಬರ ಮನೆಯಲ್ಲಿ ಮಕ್ಕಳ ಕಾಟ, ಇನ್ನೊಬ್ಬರ ಮನೆಯಲ್ಲಿ ಬೆಕ್ಕು. ಕಡೆಗೆ ಅವಳು ಫೋನಿನಲ್ಲಿ, ರಜೆಯ ಅರ್ಜಿ ಓದುವ ದನಿಯಲ್ಲಿ, ದಸರೆಯ ತನಕ ತೊಟ್ಟಿಯನ್ನು ನಮ್ಮಲ್ಲಿ ಇಡಬಹುದೇ ಎಂದು ಕೇಳಿದಳು. ನನಗೆ ಕುಣಿದಾಡುವಂತಾಯಿತು. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಉಪಕಾರ ಅದು.

ತೊಟ್ಟಿ ಬಂತು. ಮೀನುಗಳು ಮುಚ್ಚಳದ ಬಕೆಟ್ಟಿನಲ್ಲಿ, ಇವರ ತೊಡೆಯ ಮೇಲೆ ಕುಳಿತು ಕಾರಿನಲ್ಲಿ ಬಂದವು. ನಮ್ಮದು ಬೆಳಗಾದರೆ ಇಷ್ಟಲಿಂಗ ಪೂಜೆಯಾಗುವ, ಮೊಟ್ಟೆಯ ವಾಸನೆಯೂ ಇಲ್ಲದ ಮನೆ. ಎದುರು ಮನೆಯಾಕೆ ಕಾಂಪೌಂಡಿನ ಹತ್ತಿರ ಬಂದು ಪಿಸುದನಿಯಲ್ಲಿ ವಿಚಾರಿಸಿದರು.

“ಟೀಚರ್, ಆ ಬಕೆಟ್‌ನಲ್ಲಿ ಏನೋ ಒದ್ದಾಡ್ತಿತ್ತಲ್ಲ?”

“ಮೀನು.”

“ಶಿವ ಶಿವ. ನೀವೂ ಶುರು ಮಾಡ್ಕೊಂಡ್ರಾ?”

“ಸಾಕೋದಕ್ಕೆ ಕಣ್ರೀ.”

“ಎಲ್ರೂ ಮೊದ್ಲು ಹಂಗೇ ಅನ್ನೋದು, ಬುಡಿ.”

ತೊಟ್ಟಿಯನ್ನು ಹಜಾರದಲ್ಲಿ ಕೂರಿಸಿ, ಮರಳು ಹರಡಿ, ನೀರು ತುಂಬಿ, ನಡುವೆ ಒಂದು ಪ್ಲಾಸ್ಟಿಕ್ಕಿನ ಬೆಟ್ಟದ ಕೋಟೆಯನ್ನು ಇಟ್ಟದ್ದಾಯಿತು. ಮೀನುಗಳಲ್ಲಿ ಮುಖ್ಯನಾದವನು ಗುಂಡ. ಕಿತ್ತಳೆಗಿಂತ ಕೆಂಪಗೆ, ಲಾಡಿನಷ್ಟು ದುಂಡಗೆ ಇದ್ದ ಅವನು ಊಟದ ಹೊತ್ತಿಗೆ ಮಾತ್ರ ಚುರುಕಾಗುತ್ತಿದ್ದ. ಈ ಗುಣದಿಂದ ಇವರಿಗೂ ಅವನಿಗೂ ಬೇಗ ಸ್ನೇಹವಾಯಿತು.

ಆಮೇಲೆ ಲೀಲಾ ಆ ಅಯಸ್ಕಾಂತವನ್ನು ಕೈಗೆತ್ತಿಕೊಂಡು ನನಗೆ ಪಾಠ ಹೇಳಿದಳು. ನಿಂತುಕೊಂಡು, ತಡವರಿಸದೆ ಹೇಳಿದಳು. ಗಾಜಿಗೆ ಅಯಸ್ಕಾಂತದಿಂದ ಅಪಾಯವಿಲ್ಲವಂತೆ, ಅಪಾಯವಿರುವುದು ಅದರ ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕಿಕೊಳ್ಳುವ ಒಂದು ಮರಳಿನ ಕಣದಿಂದ. ಆದ್ದರಿಂದ ಕೆಳಗೆ ಮರಳಿನ ಹತ್ತಿರಕ್ಕೆ ಒಯ್ಯಕೂಡದು. ಅಂಚಿನ ಪಾಚಿಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಬೇಕು. ಒಳಗಿನ ಹೋಳು ಜಾರಿ ಮರಳಿಗೆ ಬಿದ್ದರೆ ಹೊರಗಿನದರಿಂದ ಸೆಳೆದುಕೊಳ್ಳದೆ ಕೈಹಾಕಿ ಎತ್ತಿ ತೊಳೆಯಬೇಕು. ಕೆಲಸ ಮುಗಿದ ಮೇಲೆ ತೊಟ್ಟಿಯಲ್ಲೇ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವಳು ಎರಡು ಸಲ ಹೇಳಿದಳು: “ಪ್ರತಿ ಸಲ ಉಜ್ಜೋಕ್ ಮುಂಚೆ ನಲ್ಲಿ ಕೆಳಗೆ ತೊಳೆದು, ಬಟ್ಟೆ ಮೇಲೆ ಹೆಬ್ಬೆರಳು ಆಡಿಸಿ ನೋಡಿ ಅತ್ತಿಗೆ. ಕಣ್ಣಿಗೆ ಕಾಣ್ಸಲ್ಲ. ಬೆರಳಿಗೆ ಸಿಗತ್ತೆ.”

ಅಷ್ಟು ಹೇಳಿದವಳು ತಟ್ಟನೆ ತಾನು ಯಾರ ಮುಂದೆ ಪಾಠ ಹೇಳುತ್ತಿದ್ದೇನೆಂಬುದನ್ನು ನೆನೆದು, “ಸಾರಿ ಮಿಸ್” ಎಂದು ಮತ್ತೆ ಕುರ್ಚಿಯ ತುದಿಗೆ ಕುಳಿತುಬಿಟ್ಟಳು. ಅವಳು ಹೊರಟುಹೋದ ಮೇಲೆ ನಾನು ಇವರಿಗೆ ಶಪಥದಂತೆ ಹೇಳಿದೆ: ಈ ತೊಟ್ಟಿ ಒಂದು ಕೂದಲೆಳೆಯ ಗೀರೂ ಇಲ್ಲದೆ ವಾಪಸ್ಸು ಹೋಗಬೇಕು. ಆಗ ಅವಳಿಗೆ ನನ್ನ ಮೇಲೆ ಭಯ ಹೋಗಿ ಭರವಸೆ ಬರುತ್ತದೆ.

ಗೀರು ಎಂದಾಗ ನನಗೆ ನನ್ನ ಸ್ಲೇಟು ನೆನಪಾಗುತ್ತದೆ. ಗುಬ್ಬಿಯಲ್ಲಿ ನನ್ನ ಬಾಲ್ಯ. ಆಗಿನ ಬಳಪದೊಳಗೆ ಕೆಲವೊಮ್ಮೆ ಒಂದು ಗಟ್ಟಿ ಕಲ್ಲಿನ ಚೂರು ಅಡಗಿರುತ್ತಿತ್ತು. ಬರೆಯುತ್ತ ಬರೆಯುತ್ತ ಅದು ತುದಿಗೆ ಬಂದರೆ ‘ಕಿರ್ರ್’ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದಾಗಿ, ಇಡೀ ತರಗತಿ ಕಿವಿ ಮುಚ್ಚಿಕೊಳ್ಳುತ್ತಿತ್ತು. ಹಾಗೊಂದು ಚೂರು ನನ್ನ ಹೊಸ ಸ್ಲೇಟಿನ ಮೇಲೆ ಎಡದಿಂದ ಬಲಕ್ಕೆ ಒಂದು ಗೀರೆಳೆಯಿತು. ಎಂಜಲು ಹಚ್ಚಿದೆ, ತೊಂಡೆ ಎಲೆ ಉಜ್ಜಿದೆ, ಇದ್ದಿಲು ತಿಕ್ಕಿದೆ, ಕಡೆಗೆ ಅತ್ತುಬಿಟ್ಟೆ. ಅಮ್ಮ ಸ್ಲೇಟನ್ನು ಕೈಯಲ್ಲಿ ತಿರುಗಿಸಿ ನೋಡಿ, “ಅಳ್ತೀಯ ಯಾಕೆ, ಅಕ್ಷರಾನ ಅದ್ರ ಮೇಲೆ ಕೂರ್ಸು” ಎಂದಳು. ಕೂರಿಸಿದೆ. ಇಂದಿಗೂ ಗೆರೆಯಿಲ್ಲದ ಹಾಳೆಯ ಮೇಲೆ ನನ್ನ ಸಾಲು ನೇರವಾಗಿ ಬರುವುದನ್ನು ಕಂಡು ಹೊಗಳುವವರಿದ್ದಾರೆ. ಹೊಗಳಿಕೆ ಸಲ್ಲಬೇಕಾದದ್ದು ಆ ಗೀರಿಗೆ. ನಾನು ಅದನ್ನು ತಿದ್ದಲು ಹೋಗುವುದಿಲ್ಲ. ಹೊಗಳಿಕೆಯನ್ನು ಮಾತ್ರ ನಾನು ತಿದ್ದದೆ ಸ್ವೀಕರಿಸುತ್ತೇನೆ.

ತೊಟ್ಟಿಗೆ ಮರಳೋಣ. ನಿಯಮಗಳನ್ನು ಪಾಲಿಸುವುದರಲ್ಲಿ ನನಗಿರುವ ಸುಖವನ್ನು ನೀವು ಬಲ್ಲಿರಿ. ದಿನವೂ ನಲ್ಲಿಯ ಕೆಳಗೆ ತೊಳೆದು, ಹೆಬ್ಬೆರಳು ಆಡಿಸಿ, ಎಡದಿಂದ ಬಲಕ್ಕೆ ಒಂದು ಸಾಲು, ಅದರ ಕೆಳಗೆ ಇನ್ನೊಂದು ಸಾಲು ಎಂದು ಪುಟ ಬರೆಯುವಂತೆ ಗಾಜು ಒರೆಸುತ್ತಿದ್ದೆ. ಗುಂಡ ಒಳಗಿನ ಹೋಳಿನ ಹಿಂದೆಯೇ ಈಜುತ್ತ ಮೇಲ್ವಿಚಾರಣೆ ಮಾಡುತ್ತಿದ್ದ. ಗಾಜು ಎಷ್ಟು ನಿರ್ಮಲವಾಯಿತೆಂದರೆ ಇವರು ಒಂದು ದಿನ ಮೀನಿಗೆ ಊಟ ಹಾಕಲು ಹೋಗಿ ಹಣೆ ಬಡಿಸಿಕೊಂಡರು.

ದಸರೆಗೆ ಇವರ ಸೋದರತ್ತೆ ಪಾರ್ವತಮ್ಮನವರು ಹುಲಿಯೂರುದುರ್ಗದಿಂದ ಬಂದರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಎಂದರೆ ಒಪ್ಪುವುದಿಲ್ಲ. ಕಾಣುವುದು ಅರ್ಧ, ಉಳಿದರ್ಧವನ್ನು ಭಕ್ತಿಯಿಂದ ತುಂಬಿಕೊಳ್ಳುತ್ತಾರೆ. ತೊಟ್ಟಿಯ ಮುಂದೆ ಕುಳಿತು ಕೋಟೆಯನ್ನು ಬಹಳ ಹೊತ್ತು ನೋಡಿ, “ನಮ್ಮೂರ್ ಬೆಟ್ಟನಾ ಎಷ್ಟ್ ಚೆನ್ನಾಗ್ ಮಾಡವ್ರೆ” ಎಂದರು. ಅಂದಿನಿಂದ ಆ ಕೋಟೆಗೆ ಹುಲಿಯೂರುದುರ್ಗವೆಂದೇ ಹೆಸರಾಯಿತು.

ಮಹಾನವಮಿಯ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಈ ಪೂಜೆ ಅಪವಾದವಿಲ್ಲದ ಸೂತ್ರದಂತೆ ನಡೆಯುತ್ತದೆ. ಉಪಕರಣವಾದದ್ದೆಲ್ಲ ಪೂಜೆಗೆ ಅರ್ಹ. ಹಜಾರದಲ್ಲಿ ದೊಡ್ಡ ರಂಗೋಲಿ ಬಿಡಿಸಿ ಅದರ ಮೇಲೆ ಇವರ ಸ್ಪ್ಯಾನರು, ಈಳಿಗೆಮಣೆ, ಕತ್ತರಿ, ನನ್ನ ಕೆಂಪು ಪೆನ್ನು ಎಲ್ಲವನ್ನೂ ಜೋಡಿಸಿದೆ. ಫ್ರಿಜ್ಜು, ಮಿಕ್ಸಿ, ಸ್ಕೂಟರುಗಳಿಗೆ ಅವು ಇದ್ದಲ್ಲೇ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಇನ್ನೇನು ಮಂಗಳಾರತಿ ಎನ್ನುವಾಗ ನನ್ನ ದೃಷ್ಟಿ ಅಯಸ್ಕಾಂತದ ಮೇಲೆ ಬಿತ್ತು. ದಿನವೂ ದುಡಿಯುವ ಆಯುಧ, ಪರರದ್ದು ಬೇರೆ. ಅದನ್ನು ಬಿಟ್ಟರೆ ಸೂತ್ರಭಂಗ. ಶುದ್ಧವಾಗಿ ತೊಳೆದು ತಂದೆ. ಒಳಗಿನ ಹೋಳಿಗೆ ಕುಂಕುಮವಿಟ್ಟರೆ ಮೀನುಗಳಿಗೆ ಆಗದು ಎಂದು ಹೊರಗಿನದಕ್ಕೆ ಮಾತ್ರ ಇಟ್ಟೆ. ನೋಡಿ, ಎಷ್ಟು ಮುಂದಾಲೋಚನೆ. ಆಮೇಲೆ ಎರಡನ್ನೂ ರಂಗೋಲಿಯ ಮೇಲೆ, ಬಟ್ಟೆಯ ಮುಖ ಕೆಳಗಾಗಿ, ಸಾಲಾಗಿ ಇಟ್ಟೆ.

ನಮ್ಮ ಕಡೆಯ ರಂಗೋಲಿ ಪುಡಿ ಕಲ್ಲಿನದು. ಬೆಣಚುಕಲ್ಲಿನ ಹರಳೂ ಅದರಲ್ಲಿ ಬೆರೆತಿರುತ್ತದೆ. ಇದು ನನಗೆ ಗೊತ್ತಿತ್ತು. ಮಕ್ಕಳಿಗೆ ಪಾಠವನ್ನೂ ಮಾಡಿದ್ದೆ.

ಪೂಜೆಗಿಟ್ಟ ಆಯುಧವನ್ನು ಅಂದು ಬಳಸುವಂತಿಲ್ಲ, ತೊಳೆದು ಕುಂಕುಮ ಅಳಿಸುವಂತೆಯೂ ಇಲ್ಲ. ಮರುದಿನ ವಿಜಯದಶಮಿ, ಮಧ್ಯಾಹ್ನದ ಊಟಕ್ಕೆ ಲೀಲಾ ಬಂದು ತೊಟ್ಟಿಯನ್ನು ಒಯ್ಯುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಕಡೆಯ ಸಲ ಒರೆಸಿಬಿಡೋಣವೆಂದು ಅಯಸ್ಕಾಂತವನ್ನು ಕೈಗೆತ್ತಿಕೊಂಡೆ. ಬಟ್ಟೆಯನ್ನು ಕನ್ನಡಕ ಹಾಕಿಕೊಂಡು ನೋಡಿದೆ, ಬಿಳಿಯಾಗಿತ್ತು. ಬಿಳಿಯ ಬಟ್ಟೆಯಲ್ಲಿ ಬಿಳಿಯ ಪುಡಿ ಹೇಗೆ ಕಂಡೀತು? ಪೂಜೆಗೆ ಮುಂಚೆ ತೊಳೆದದ್ದೇ ಸಾಕೆಂದು, ಸೆರಗಿನಿಂದ ಒಮ್ಮೆ ಕೊಡವಿ ತೊಟ್ಟಿಗೆ ಇಳಿಸಿ, ಎಡದಿಂದ ಬಲಕ್ಕೆ, ನಿಧಾನವಾಗಿ, ನೇರವಾಗಿ ಎಳೆದೆ.

‘ಕಿರ್ರ್’ ಎಂದಿತು.

ಆ ಸದ್ದನ್ನು ನಾನು ಗುಬ್ಬಿಯಿಂದ ಬಲ್ಲೆ. ಆದರೆ ಹಿಡಿದ ಸಾಲನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ನನ್ನ ಕೈಗಿಲ್ಲ. ಅದು ಸಾಲನ್ನು ಮುಗಿಸಿಯೇ ನಿಂತಿತು. ಗಾಜಿನ ನಟ್ಟನಡುವೆ ಗೇಣುದ್ದದ ಮೂರು ಗೆರೆಗಳು, ಒಂದರ ಕೆಳಗೊಂದು, ಸಮಾನ ಅಂತರದಲ್ಲಿ, ಅಂಕುಡೊಂಕಿಲ್ಲದೆ. ಕೈಬರಹಕ್ಕೆ ಅಂಕ ಕೊಡುವುದಾದರೆ ಪೂರ್ಣಾಂಕ ಕೊಡಬೇಕಾಗಿತ್ತು.

ಇವರು ಬಂದು ಉಗುರಾಡಿಸಿ, ಹೊರಗೆ ನುಣ್ಣಗಿದೆ, ಗೀರು ಒಳಗಿದೆ ಎಂದು ವರದಿ ಮಾಡಿದರು. ಟೂತ್‌ಪೇಸ್ಟು ಹಚ್ಚಿದರೆ ಸಣ್ಣ ಗೀರು ಹೋಗುತ್ತದಂತೆ ಎಂದರು. ನೀರೊಳಗೆ ಯಾರು ಹಚ್ಚುವುದು ಎಂದೆ. ಗುಂಡನಿಗೆ ಬ್ರಷ್ ಕೊಡು ಎಂದರು. ಆ ಸ್ಥಿತಿಯಲ್ಲೂ ನನಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಗಾಜು ಹೋದರೆ ಹೊಸದು ಬಂದೀತು. ಆದರೆ ಲೀಲಾ ಏನನ್ನುತ್ತಾಳೆಂದು ನನಗೆ ಗೊತ್ತಿತ್ತು. “ಪರವಾಗಿಲ್ಲ ಮಿಸ್” ಎನ್ನುತ್ತಾಳೆ. ಕೈಕಟ್ಟಿ, ತಲೆತಗ್ಗಿಸಿ, ಒಂದು ಮಾತೂ ಬೈಯದೆ ತೊಟ್ಟಿ ಎತ್ತಿಕೊಂಡು ಹೋಗುತ್ತಾಳೆ. ಮತ್ತೆಂದೂ ಏನನ್ನೂ ಕೇಳುವುದಿಲ್ಲ.

ಅಷ್ಟರಲ್ಲಿ ಪಾರ್ವತಮ್ಮನವರು ಪೂಜೆ ಮುಗಿಸಿ ವಿಭೂತಿಗಟ್ಟಿ ಹಿಡಿದೇ ಹಜಾರಕ್ಕೆ ಬಂದರು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು.

“ವಿಭೂತಿ ಅಳ್ಸೋಗದೆ ನೋಡಮ್ಮ. ಗೆರೆ ಮಾತ್ರ ಉಳ್ಕೊಂಡದೆ. ಹಬ್ಬದಲ್ಲಿ ಹಿಂಗ್ ಬುಡ್ತಾರಾ?”

ಹೀಗೆಂದು ಮೂರು ಬೆರಳು ನೆನೆಸಿ, ಗೀರುಗಳ ಮೇಲೆಯೇ ಹದವಾಗಿ ಎಳೆದು, ನಡುವೆ ಕುಂಕುಮವಿಟ್ಟು ಕೈಮುಗಿದರು. ಗೀರುಗಳು ಮಾಯವಾದವು. ಫ್ರಿಜ್ಜಿಗೂ ವಿಭೂತಿ, ಮಿಕ್ಸಿಗೂ ವಿಭೂತಿ, ಮೀನಿನ ತೊಟ್ಟಿಗೂ ವಿಭೂತಿ. ಯಾರಿಗೆ ಸಂದೇಹ ಬರಬೇಕು? ಇವರು ನನ್ನ ಮುಖ ನೋಡಿದರು. ಹಿರಿಯರು ಶಿವಧ್ಯಾನದಲ್ಲಿರುವಾಗ ನಡುವೆ ಮಾತಾಡಬಾರದೆಂಬ ನಿಯಮ ನನಗೆ ಸಮಯಕ್ಕೆ ಸರಿಯಾಗಿ ನೆನಪಾಯಿತು. ಒಬ್ಬಟ್ಟು ಬೇಯಿಸಲು ಒಳಗೆ ಹೋದೆ.

ಲೀಲಾ ಬಂದಳು. ಎಲ್ಲರಿಗೂ ನಮಸ್ಕರಿಸಿ, ಕುರ್ಚಿಯ ತುದಿಯಲ್ಲಿ ಕುಳಿತು ತೊಟ್ಟಿಯನ್ನೇ ನೋಡಿದಳು. ಗುಂಡ ಬೆಳೆದಿದ್ದಾನೆ, ನೀರು ತಿಳಿಯಾಗಿದೆ, ಅಂಚಿನಲ್ಲೂ ಪಾಚಿಯಿಲ್ಲ. “ಎಷ್ಟ್ ಚೆನ್ನಾಗಿ ನೋಡ್ಕೊಂಡಿದೀರ ಅತ್ತಿಗೆ” ಎಂದಳು. ಆ ಮಾತು ಮಿಸ್ ಎಂದು ಮುಗಿಯಲಿಲ್ಲ.

ಆದರೆ ಗಾಜಿನ ಮೇಲೆ ಗುರುತು ಕಂಡರೆ ಲೀಲಾಳ ಕೈ ಸುಮ್ಮನಿರುವ ಕೈಯಲ್ಲ. ವಿಭೂತಿಯನ್ನು ಕಣ್ಣಿಗೊತ್ತಿಕೊಂಡು, ಕರ್ಚೀಫು ತೆಗೆದು, ಭಕ್ತಿಯಿಂದಲೇ ಒರೆಸಿದಳು. ಕುಂಕುಮ ಹೋಯಿತು. ವಿಭೂತಿ ಹೋಯಿತು. ಗೆರೆ ಹೋಗಲಿಲ್ಲ. ಬಾಯಾವಿ ಬಿಟ್ಟು ಮತ್ತೆ ಒರೆಸಿದಳು. ಹೋಗಲಿಲ್ಲ. ಇವರು ಪೇಪರನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದರು.

“ಅಳಿಸ್ಬೇಡ ಲೀಲಾ, ಅದು ಹೋಗೋದಿಲ್ಲ” ಎಂದೆ. “ಅದು ನನ್ನ ಕೈಬರಹ.”

ಲೀಲಾ ನನ್ನತ್ತ ತಿರುಗಿದಳು. ಅವಳ ಹುಬ್ಬು ಗಂಟಿಕ್ಕಿತ್ತು. ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ, ಓಣಿಯವರು ನೋಡಿದ್ದಿರಬೇಕು.

“ಉಜ್ಜೋಕ್ ಮುಂಚೆ ತೊಳೆದ್ರಾ?”

“ಪೂಜೆಗೆ ಮುಂಚೆ ತೊಳೆದೆ.”

“ಪೂಜೆಗಾ? ಇದಕ್ಕಾ? ಯಾವ್ದರ ಮೇಲೆ ಇಟ್ಟಿದ್ರಿ?”

“ರಂಗೋಲಿ ಮೇಲೆ.”

“ಹೆಬ್ಬೆರಳು ಆಡಿಸಿ ನೋಡಿದ್ರಾ?”

“ಕಣ್ಣಲ್ಲಿ ನೋಡ್ದೆ.”

“ಎರಡ್ ಸಲ ಹೇಳಿದ್ನಲ್ಲ ನಾನು? ಕಿವಿ ಎಲ್ಲಿಟ್ಟಿದ್ರಿ?” ಎಂದವಳು, ಉಸಿರೂ ಎಳೆದುಕೊಳ್ಳದೆ, “ಹತ್ತಿ ಬೆಂಚ್ ಮೇಲೆ” ಎಂದುಬಿಟ್ಟಳು.

ಹೇಳಿದ ಮೇಲೆ ತಾನೇ ಬಾಯಿಗೆ ಕೈ ಅಡ್ಡ ಹಿಡಿದಳು. ನಮ್ಮ ಮನೆಯಲ್ಲಿ ಬೆಂಚಿಲ್ಲ. ಊಟಕ್ಕೆ ಹಾಕಿದ್ದ ಮಣೆಯಿತ್ತು. ನಾನು ಸೀರೆ ನೆರಿಗೆ ಎತ್ತಿಕೊಂಡು, ಸೌಟು ಹಿಡಿದ ಕೈಯನ್ನು ಎದೆಗೆ ಕಟ್ಟಿ, ಮಣೆಯ ಮೇಲೆ ಹತ್ತಿ ನೆಟ್ಟಗೆ ನಿಂತೆ.

ಅದೇ ಹೊತ್ತಿಗೆ ಗುಂಡ ಹುಲಿಯೂರುದುರ್ಗದ ಹಿಂದಿನಿಂದ ಹೊರಟು, ನಿಧಾನವಾಗಿ ಈಜುತ್ತ ಬಂದು, ಮೂರು ಗೆರೆಗಳ ನಟ್ಟನಡುವೆ, ಕುಂಕುಮವಿದ್ದ ಜಾಗದಲ್ಲೇ ಕೆಂಪಗೆ ದುಂಡಗೆ ನಿಂತ. ಪಾರ್ವತಮ್ಮನವರು ಕೈಮುಗಿದು, “ನೋಡ್ರವ್ವ, ಅಳಿಸಿದ್ರೂ ಬರ್ತಾನೆ ನಮ್ಮಪ್ಪ” ಎಂದರು.

ಲೀಲಾ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಆತುಕೊಂಡು, ಕಡೆಗೆ ನೆಲಕ್ಕೆ ಕುಸಿದು ನಕ್ಕಳು. ಇವರ ಪೇಪರು ಜಾರಿತು. ನನಗೆ ಮಣೆಯ ಮೇಲೆ ನಗುತ್ತ ನಿಲ್ಲುವುದು ಕಷ್ಟವಾಯಿತು. ಆದರೆ ಇಳಿ ಎಂದು ಯಾರೂ ಹೇಳಿರಲಿಲ್ಲ.

ತೊಟ್ಟಿ ಕುಣಿಗಲ್ಲಿಗೆ ಹೋಯಿತು. ಗೀರಿನ ಮುಖವನ್ನು ಗೋಡೆಗೆ ತಿರುಗಿಸಿ ಇಡಬಹುದಿತ್ತು. ಲೀಲಾ ಬಾಗಿಲಿಗೆ ಎದುರಾಗಿಯೇ ಇಟ್ಟಿದ್ದಾಳೆ. ಬಂದವರಿಗೆಲ್ಲ ನಮ್ಮ ಮಿಸ್ ಬರೆದ ಕಾಪಿ ಎಂದು ತೋರಿಸುತ್ತಾಳಂತೆ. ಹೊಸ ಅಯಸ್ಕಾಂತ ಕೊಂಡುಕೊಂಡು, ಹಳೆಯದನ್ನು “ದಿನಾ ನೋಡಿ ಬುದ್ಧಿ ಕಲೀರಿ” ಎಂದು ತನ್ನ ಕೈಯಾರೆ ನಮ್ಮ ಫ್ರಿಜ್ಜಿಗೆ ಅಂಟಿಸಿ ಹೋಗಿದ್ದಾಳೆ. ಹಾಲಿಗೆಂದು ಬಾಗಿಲು ತೆರೆಯುವಾಗ ನಾನು ಅದರ ಅಂಚಿಗೆ ಒಮ್ಮೆ ಹೆಬ್ಬೆರಳು ಆಡಿಸುತ್ತೇನೆ. ಈಗ ಫೋನು ಮಾಡಿದರೆ ಬೈಯುತ್ತಾಳೆ, ನಡುವೆ ಫೋನು ಇಡುತ್ತಾಳೆ, ಮತ್ತೆ ತಾನೇ ಮಾಡುತ್ತಾಳೆ.

ಆದರೆ ವಿಜಯದಶಮಿಯ ಮಧ್ಯಾಹ್ನವನ್ನು ನಾನು ಮುಗಿಸಲಿಲ್ಲ. ನಗು ಇಳಿದ ಮೇಲೆ ಲೀಲಾ ಕಣ್ಣೊರೆಸಿಕೊಂಡು ಎಲೆಯ ಮುಂದೆ ಕುಳಿತಳು. ಗೋಡೆಗೆ ಒರಗಿ, ಒಂದು ಕಾಲು ಚಾಚಿಯೇ ಕುಳಿತಳು. ಇವರು ಬಡಿಸಿದ ಒಬ್ಬಟ್ಟನ್ನು ನಾಲ್ಕು ತುತ್ತಿಗೆ ಮುಗಿಸಿದಳು. ಖಾಲಿ ಎಲೆಯನ್ನು ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು.

“ಇನ್ನೂ ಯಾಕ್ ನಿಂತಿದೀರ ಅಲ್ಲಿ? ಇಳೀರಿ. ಇನ್ನೊಂದ್ ಒಬ್ಬಟ್ಟು ಹಾಕಿ. ಮೇಲೆ ತುಪ್ಪ ಹಾಕ್ಬೇಕು, ಲೆಕ್ಕ ಮಾಡ್ಬಾರ್ದು.”